ಚಿಕ್ಕಪ್ಪನ ಸರ್ಕಾರಿ ಜರ್ಸಿ

ನಮ್ಮ ಚಿಕ್ಕಪ್ಪನಿಗೆ ಚಳಿ ತಾನಾಗಿ ಆಗುತ್ತಿರಲಿಲ್ಲ. ಮೇಲಿನಿಂದ ಆರ್ಡರ್ ಬರಬೇಕಿತ್ತು!

ಅವನು ಮುಳಬಾಗಿಲಿನಲ್ಲಿ ಪೊಲೀಸ್ ಪೇದೆ. ಇನ್ನು ಸ್ವೆಟರ್ ಹಾಕಬಹುದು ಅಂತ ಠಾಣೆಯಲ್ಲಿ ಓದಿ ಹೇಳುವ ತನಕ, ಹಲ್ಲು ಕಟಕಟ ಅಂದರೂ ಬರೀ ಖಾಕಿ ಅಂಗಿಯಲ್ಲೇ ಇರುತ್ತಿದ್ದ. ಒಂದು ವರ್ಷ ಸ್ವೆಟರ್ ತೆಗೆಯುವ ಆರ್ಡರ್ ಓದಿದ ದಿನ ಇವನು ರಜೆಯಲ್ಲಿದ್ದ. ತನ್ನ ಕಿವಿಗೆ ಬೀಳದ ಆರ್ಡರ್ ತನ್ನದು ಹೇಗಾದೀತು? ಶಿವರಾತ್ರಿ ಕಳೆದ ಬಿಸಿಲಿನಲ್ಲಿ ಸ್ವೆಟರ್ ಸಮೇತ ಆವನಿ ಬೆಟ್ಟ ಹತ್ತಿದ. ಇಳಿಸುವಾಗ ಮಾತ್ರ ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಸ್ವೆಟರಿನ ರೂಲ್ಸ್ ನಮಗೆಲ್ಲ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿತ್ತು. ತೋಳು ಮಡಚಬಾರದು. ಬೆಲ್ಟು ಸ್ವೆಟರಿನ ಮೇಲೆ ಬರಬೇಕು. ಕೊರಳಿಗೆ ಮಫ್ಲರ್ ಕೂಡದು. ಅಮ್ಮ ಹೆಣೆದುಕೊಟ್ಟ ಗಿಳಿಹಸಿರು ಸ್ವೆಟರ್ ಹಾಕಿಕೊಂಡು ನಾನು ಸ್ಕೂಲಿಗೆ ಹೊರಟರೆ, ಊರಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ತೋಳು ಇಳಿಸುತ್ತಿದ್ದ, ತೋಳಿನಲ್ಲಿ ಮೂಗು ಒರೆಸಿದರೆ ಬೈಯುತ್ತಿದ್ದ. ಹಾಗಾದರೆ ಅಂಗಿಯ ತೋಳಿನಲ್ಲಿ ಒರೆಸಬಹುದಾ ಅಂತ ಒಂದು ದಿನ ಕೇಳಿದೆ. ಪಾಪ, ಬಹಳ ಹೊತ್ತು ಯೋಚಿಸಿದ.

"ಅದಕ್ಕೆ ರೂಲ್ಸಲ್ಲಿ ಏನೂ ಹೇಳಿಲ್ಲ ಕಣೇ."

ಇಂಥವನು ಕಾಗದ ಬರೆದರೆ ಹೇಗಿರುತ್ತೆ? ಒಂದು ವರ್ಷ ಹಳೇ ಸ್ವೆಟರ್ ಪಿಂಜಿಹೋಗಿ ಹೊಸದು ಮಂಜೂರಾಯಿತು. ಸರ್ಕಾರದ ಕಾಗದದಲ್ಲಿ ಸ್ವೆಟರಿಗೆ ಜರ್ಸಿ ಅಂತಾರಂತೆ. ಚಿಕ್ಕಪ್ಪ ನಮ್ಮೂರು ತಾಯಲೂರಿಗೆ ಕಾರ್ಡು ಹಾಕಿದ. ಅದನ್ನು ಅಜ್ಜಿಗೆ ಓದಿ ಹೇಳಿದವಳು ನಾನೇ. "ಸರ್ಕಾರದಿಂದ ಜರ್ಸಿ ಮಂಜೂರಾಗಿದೆ. ಬಣ್ಣ ಖಾಕಿ. ಮೈ ಮೆತ್ತಗಿದೆ. ಶನಿವಾರ ತರುತ್ತೇನೆ. ಧೂಳಿಲ್ಲದ ಕಡೆ ಜಾಗ ಮಾಡಿರಿ."

ಆಗ ನಮ್ಮ ಕಡೆ ಮನೆಮನೆಗೂ ಜರ್ಸಿ ಹಸು ಬರುತ್ತಿದ್ದ ಕಾಲ. ಬೆಳಗಾದರೆ ಊರವರೆಲ್ಲ ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತರೆ, ನಮ್ಮಜ್ಜಿ ಕೊಳ್ಳೋದಕ್ಕೆ ಲೋಟ ಹಿಡಿದು ನಿಲ್ಲುತ್ತಿದ್ದಳು. ಆ ಲೋಟ ಅವಳ ಮನಸ್ಸಿಗೆ ಎಷ್ಟು ಚುಚ್ಚುತ್ತಿತ್ತು ಅನ್ನೋದು ಕಾರ್ಡು ಬಂದ ಮೇಲೇ ನಮಗೆ ಗೊತ್ತಾಗಿದ್ದು. ಎರಡೇ ದಿನದಲ್ಲಿ ಕೊಟ್ಟಿಗೆ ಸಾರಿಸಿದಳು, ಗೋದಲಿ ಕಟ್ಟಿಸಿದಳು, ರಾಗಿಹುಲ್ಲು ತುಂಬಿದಳು. ಶನಿವಾರ ಹೊಸ ಹಗ್ಗ, ಅರಿಶಿನ ಕುಂಕುಮ ಹಿಡಿದು ಬಸ್ಸಿನ ಹತ್ತಿರ ಹೋಗಿ ನಿಂತಳು.

ಚಿಕ್ಕಪ್ಪ ಕಂಕುಳಲ್ಲಿ ಪೇಪರಿನ ಪೊಟ್ಟಣ ಇಟ್ಟುಕೊಂಡು ಇಳಿದ. ಅಜ್ಜಿ ಬಸ್ಸಿನ ಹಿಂದಕ್ಕೆ ಹೋಗಿ ನೋಡಿದಳು. ಟಾಪಿನ ಮೇಲೂ ನೋಡಿದಳು! ಹಸು ಎಲ್ಲೋ ಅಂದರೆ ಯಾವ ಹಸು ಅಂದ ಅವನು. ಪೊಟ್ಟಣ ಬಿಚ್ಚಿದ ಮೇಲೆ ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರೋದು.

"ಪಾಲಿಸ್ತುಂದೇನ್ರಾ ಇದಿ?"

ಇದು ಹಾಲು ಕೊಡ್ತದೇನೋ ಅಂತ!

"ಇದು ಉಣ್ಣೇದು ಕಣಮ್ಮ," ಅಂದ ಚಿಕ್ಕಪ್ಪ.

ಅಜ್ಜಿ ಆ ಜರ್ಸಿಯನ್ನು ತಗೊಂಡು ಹೋಗಿ ಗೋದಲಿಯ ಮೇಲೇ ಹರವಿದಳು. ಜಾಗ ಮಾಡು ಅಂತ ಬರೆದಿದ್ದನಲ್ಲ! ಆಮೇಲೆ ಅವನು ಮನೆಗೆ ಬಂದಾಗಲೆಲ್ಲ ಸ್ವೆಟರಿಗೆ ಮೇವು ಆಯಿತೇನೋ ಅಂತ ವಿಚಾರಿಸುವಳು. ನಾವೆಲ್ಲ ನಗುತ್ತಿದ್ದೆವು. ಚಿಕ್ಕಪ್ಪ ನಗುತ್ತಿರಲಿಲ್ಲ. ಬೆಳಗ್ಗೆ ಅಜ್ಜಿ ಲೋಟ ತಗೊಂಡು ಹೊರಟರೆ ತಲೆ ತಗ್ಗಿಸಿ ಬೂಟಿಗೆ ಪಾಲಿಶ್ ಹಾಕುತ್ತ ಕೂರುತ್ತಿದ್ದ.

ಒಂದು ರಜೆಯಲ್ಲಿ ಯಾರಿಗೂ ಹೇಳದೆ ಶ್ರೀನಿವಾಸಪುರದ ಕಡೆಯಿದ್ದ ಅಜ್ಜಿಯ ತಮ್ಮನ ಮನೆಗೆ ಹೋದ. ಅಲ್ಲಿಂದ ಒಂದು ನಾಟಿ ಕಡಸನ್ನು ನಡೆಸಿಕೊಂಡೇ ಬಂದು ಗೋದಲಿಗೆ ಕಟ್ಟಿದ. ಹುಟ್ಟೋ ಕರುವಾದರೂ ಜರ್ಸಿಯಾಗಲಿ ಅಂತ ದನದ ಡಾಕ್ಟರನ್ನು ಕರೆಸಿ ಜರ್ಸಿ ಇಂಜೆಕ್ಷನ್ನೂ ಕೊಡಿಸಿದ.

ಮರುವರ್ಷ ಮಾರ್ಗಶಿರದ ಒಂದು ಬೆಳಗ್ಗೆ ಅದು ಕರು ಹಾಕಿತು. ಅವತ್ತು ಪೆರೇಡ್. ಮೊದಲ ಬಸ್ಸಿಗೆ ಹೊರಡಲು ಚಿಕ್ಕಪ್ಪ ಜರ್ಸಿ, ಬೆಲ್ಟು ಎಲ್ಲ ಸರಿಯಾಗಿ ಹಾಕಿಕೊಂಡು ನಿಂತಿದ್ದ. ಕೊಟ್ಟಿಗೆಯಲ್ಲಿ ಕರು ನಡುಗುತ್ತ ಮಲಗಿತ್ತು, ಏಳಲೊಲ್ಲದು. ಅಜ್ಜಿ ಗೋಣಿಚೀಲದಲ್ಲಿ ತಿಕ್ಕಿ ತಿಕ್ಕಿ ಸೋತು ಅವನ ಮುಖ ನೋಡಿದಳು.

"ಉಳಿಯಲ್ಲ ಕಣೋ ಇದು."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಚಿಕ್ಕಪ್ಪ ಬೆಲ್ಟು ಬಿಚ್ಚಿದ. ಜರ್ಸಿ ತೆಗೆದ. ಕರುವಿನ ತಲೆಗೆ ತೂರಿಸಿ, ಮುಂಗಾಲು ಎರಡನ್ನೂ ತೋಳಿನೊಳಗೆ ಬಿಟ್ಟ. ಗೊರಸು ಕಾಣಲಿ ಅಂತ ಅಜ್ಜಿ ತೋಳು ಮಡಚಲು ಹೋದಳು.

"ಮಡಚಬೇಡಮ್ಮ," ಅಂದ.

ಸ್ವಲ್ಪ ಹೊತ್ತಿಗೆ ಸರ್ಕಾರಿ ಜರ್ಸಿ ತೊಟ್ಟ ನಮ್ಮ ಜರ್ಸಿ ತಡಬಡಿಸಿ ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಚಿಕ್ಕಪ್ಪ ಬರೀ ಅಂಗಿಯಲ್ಲಿ ಎರಡನೇ ಬಸ್ಸಿಗೆ ಓಡಿದ. ಪೆರೇಡಿನಲ್ಲಿ ಸಾಹೇಬರು ಜರ್ಸಿ ಎಲ್ಲಯ್ಯಾ ಅಂತ ಕೇಳಿದರಂತೆ.

"ಎದ್ದು ನಿಂತಿದೆ ಸಾರ್. ಹಾಲು ಕುಡೀತಿದೆ."

ಮೈದಾನ ಮೂರು ಸುತ್ತು ಓಡಿಸಿದರು. ಚಳಿ ಬಿಡ್ತು ಅಂತ ಅದಕ್ಕೂ ಸಮಾಧಾನ ಅವನಿಗೆ.

ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದುಕೊಂಡು ಬಸ್ ಹತ್ತಿದಳು. ಕೈಯಲ್ಲಿ ಅದೇ ಲೋಟ, ಅದರ ತುಂಬ ಬಿಸಿ ಗಿಣ್ಣು. ಠಾಣೆಯ ಎದುರು ಅದನ್ನು ಮಗನ ಕೈಗಿಟ್ಟಳು.

"ಹಾಲು ಕೊಡ್ತು ಕಣೋ ನಿನ್ನ ಜರ್ಸಿ."

ಯೂನಿಫಾರಂನಲ್ಲಿ ಬೀದಿಯಲ್ಲಿ ನಿಂತು ಏನೂ ತಿನ್ನಬಾರದು ಅಂತ ನಮಗೆ ಹೇಳಿಕೊಟ್ಟವನು, ಅಲ್ಲೇ ನಿಂತು ಲೋಟದ ತಳ ಕಾಣುವವರೆಗೂ ತಿಂದ. ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡ. ಆಮೇಲೆ ಕಣ್ಣು.

ಅದಕ್ಕೆ ರೂಲ್ಸಲ್ಲಿ ಏನೂ ಹೇಳಿರಲಿಲ್ಲ.