ಟಿವಿಯೊಳಗೆ ಹೋದ ನಮ್ಮ ಗಾಲ್ಫ್ ಗುಡ್ಡ

ಗಾಲ್ಫ್ ಗುಡ್ಡದ ಬುಡದಲ್ಲಿ ಮನೆ ಇದ್ದವರಿಗೆ ನಗು ಹುಡುಕಿಕೊಂಡು ಹೋಗೋ ಕೆಲಸವಿಲ್ಲ, ಅದೇ ಉರುಳಿಕೊಂಡು ಅಂಗಳಕ್ಕೆ ಬರುತ್ತೆ. ಚೆಂಡೂ ಬರುತ್ತೆ ಅನ್ನಿ. ಕಾಫಿ ಒಣಗಿಸೋ ಕಣದಲ್ಲಿ, ಹಿತ್ತಲ ಬಸಳೆ ಚಪ್ಪರದಲ್ಲಿ, ಒಂದು ಸಲ ದೋಸೆ ಹಿಟ್ಟಿನ ಪಾತ್ರೆಯಲ್ಲೇ ಸಿಕ್ಕಿತ್ತು. ಬಾಳೂರು ಕಡೆಯ ಪ್ಲಾಂಟರುಗಳು ಸೇರಿ ಮಾಡಿಕೊಂಡ ಒಂಬತ್ತು ಕುಳಿಯ ಗುಡ್ಡ ಅದು. ಅಲ್ಲಿ ಆಡೋರಿಗೂ ನೋಡೋರಿಗೂ ಕಾಫಿ ತಿಂಡಿ ನಮ್ಮ ಮನೆಯಿಂದಲೇ ಹೋಗೋದು.

ಹೋದ ಬೇಸಿಗೆಯಲ್ಲಿ ಒಬ್ಬಳು ಹುಡುಗಿ ಬಂದು ನಮ್ಮ ಮನೆಯ ಕೋಣೆ ಬಾಡಿಗೆಗೆ ಹಿಡಿದಳು. ಜೊತೆಗೆ ಡ್ರೋನ್ ಹಾರಿಸೋ ಗಡ್ಡದವನೊಬ್ಬ. ಈ ಗುಡ್ಡವನ್ನು ಇದ್ದದ್ದು ಇದ್ದ ಹಾಗೆ ವಿಡಿಯೋ ಗೇಮ್ ಮಾಡಬೇಕಂತೆ.

"ಇರೋ ಗುಡ್ಡಾನ ಇನ್ನೊಂದು ಸಲ ಯಾಕೆ ಮಾಡ್ಬೇಕು ಮಾರಾಯ್ತಿ?" ಅಂದೆ.

"ಇಲ್ಲಿಗೆ ಬರೋಕಾಗದೇ ಇರೋರು ಅಲ್ಲೇ ಕೂತು ಆಡ್ಲಿ ಅಂತ ಅಜ್ಜಿ. ಇದು ನನ್ನದೇ ಅಂತ ಸಿಕ್ಕ ಮೊದಲನೇ ಕೆಲಸ. ಕೆಟ್ಟರೆ ಮತ್ತೆ ಬೇರೆಯವರ ಆಟಕ್ಕೆ ಕಲ್ಲು, ಹುಲ್ಲಿನ ಚಿತ್ರ ಬಿಡಿಸ್ತಾ ಕೂರ್ಬೇಕು."

ಆದರೆ ಕ್ಲಬ್ಬಿನ ಪ್ರೆಸಿಡೆಂಟ್ರು ಒಂದು ಷರತ್ತು ಹಾಕಿಬಿಟ್ಟರು. "ನೀನು ಅಳೆದುಕೋ, ಫೋಟೋ ಹಿಡಿ, ಬೇಡ ಅನ್ನಲ್ಲ. ಎಲ್ಲಾ ಆದ ಮೇಲೆ ನಾನು ಆಡಿ ನೋಡ್ತೀನಿ. ನನ್ನ ಗುಡ್ಡದ ಮೇಲೆ ನಿಂತಿದ್ದೀನಿ ಅಂತ ನನಗೆ ಅನ್ನಿಸ್ಬೇಕು. ಅನ್ನಿಸಿದರೆ ಒಪ್ಪಿಗೆ ಪೇಪರಿಗೆ ಸಹಿ. ಇಲ್ಲದಿದ್ರೆ ಇಲ್ಲ."

ಹುಡುಗಿ ಹೂಂ ಅಂದಳು. ಆ ಹೂಂ ಹಿಂದೆ ಅವಳು ಪಟ್ಟ ಪಾಡು ನೋಡಿದವಳು ನಾನು.

೧. ಆನೆ

ಮೊದಲನೇ ದಿನವೇ ಗಡ್ಡದವನು ಡ್ರೋನ್ ಮೇಲಕ್ಕೆ ಬಿಟ್ಟ. ಗುಂಯ್ ಅಂತ ಗುಡ್ಡ ಸುತ್ತೋಕೆ ಶುರುವಾಯ್ತು.

ನಮ್ಮ ಕಡೆ ಡ್ರೋನ್ ಅಂದರೆ ಒಂದೇ ಅರ್ಥ. ತೋಟಕ್ಕೆ ಆನೆ ನುಗ್ಗಿದೆ, ಫಾರೆಸ್ಟಿನವರು ಮೇಲಿಂದ ಹುಡುಕ್ತಿದ್ದಾರೆ ಅಂತ. ಪಕ್ಕದ ಎಸ್ಟೇಟಿನಲ್ಲಿ ಮೆಣಸು ಕೊಯ್ತಿದ್ದವರು ಏಣಿಯನ್ನು ಮರಕ್ಕೇ ಬಿಟ್ಟು ಕೂಲಿಯವರ ಲೈನ್ ಮನೆ ಕಡೆ ಓಡಿದರು. ಮೇಸ್ತ್ರಿ ಎಸ್ಟೇಟಿನ ಲೆಕ್ಕ ಬರೆಯೋ ರೈಟರಿಗೆ ಫೋನ್ ಮಾಡಿದ. ರೈಟರು ವಾಟ್ಸಾಪ್ ಗ್ರೂಪಿಗೆ ಹಾಕಿದರು: "ಗಾಲ್ಫ್ ಗುಡ್ಡದಲ್ಲಿ ಆನೆ, ಎಚ್ಚರ." ಸುದ್ದಿ ಗೋಣಿಬೀಡು ಮುಟ್ಟೋ ಹೊತ್ತಿಗೆ ಆನೆಗೊಂದು ಮರಿ ಹುಟ್ಟಿತ್ತು. ಅಲ್ಲಿಂದ ವಾಪಸು ಬರುವಾಗ ಹಿಂದೆ ಒಂದು ಒಂಟಿ ಸಲಗವೂ ಇತ್ತು.

ಮಧ್ಯಾಹ್ನ ನಾನು ಅನ್ನ ಬಸೀತಿದ್ದೆ. ಗಡ್ಡದವನು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಏದುಸಿರು ಬಿಡ್ತಾ ಅಡುಗೆಮನೆಗೇ ನುಗ್ಗಿದ.

"ಅಜ್ಜೀ, ಬಾಗ್ಲು ಹಾಕಿ ಬಾಗ್ಲು ಹಾಕಿ! ಫೋನಿಗೆ ಮೆಸೇಜ್ ಬಂತು. ಮೂರು ಆನೆಯಂತೆ! ಮೇಲೆ ಡ್ರೋನ್ ಬೇರೆ ಹಾರಾಡ್ತಿದೆಯಂತೆ!"

೨. ದಿಬ್ಬ

ಆಮೇಲೆ ನೆಲ ಅಳೆಯೋ ಕೆಲಸ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಮಿಷನ್ನು. ಅದು ನಿಧಾನಕ್ಕೆ ಸುತ್ತ ತಿರುಗ್ತಾ ಹಳ್ಳ ದಿಣ್ಣೆ ಎಲ್ಲಾ ಬರೆದುಕೊಳ್ಳುತ್ತಂತೆ. ಹುಡುಗಿ ಒಂದೊಂದು ಕುಳಿಯ ಹತ್ರವೂ ಮಂಡಿಯೂರಿ ಕೂತು, ಹುಲ್ಲು ಯಾವ ಕಡೆ ಬಾಗಿದೆ ಅಂತ ಕೈಯಲ್ಲಿ ಸವರಿ ನೋಡೋಳು. ಮಗುವಿನ ಜ್ವರ ನೋಡೋ ಹಾಗೆ.

ಸಂಜೆ ಲ್ಯಾಪ್‌ಟಾಪ್ ತೆಗೆದು ನೋಡ್ತಾಳೆ, ಮೂರನೇ ಕುಳಿಯ ಪಕ್ಕದಲ್ಲೇ ಒಂದು ದೊಡ್ಡ ದಿಬ್ಬ.

"ಇದು ಬೆಳಿಗ್ಗೆ ಇರಲಿಲ್ವಲ್ಲ?" ಅಂತ ಹಣೆ ಉಜ್ಜಿಕೊಂಡಳು. ಕ್ಲಬ್ಬಿಗೆ ಹೋಗ್ತಾ ನಮ್ಮಲ್ಲಿ ಕಾಫಿಗೆ ನಿಂತಿದ್ದ ಪ್ರೆಸಿಡೆಂಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ದಿಬ್ಬ ಸರಿ ಕಣಮ್ಮ. ಕೊಂಬು ಯಾಕಿದೆ?"

ನಮ್ಮ ಕೆಂದ ದನ ಅದು. ಮೂರನೇ ಕುಳಿಯ ಹತ್ರ ಗಾಳಿ ಚೆನ್ನಾಗಿ ಬೀಸುತ್ತೆ, ಹುಲ್ಲು ಮೆತ್ತಗಿದೆ ಅಂತ ದಿನಾ ಅಲ್ಲೇ ಹೋಗಿ ಮಲಗುತ್ತೆ. ಆಡೋರು ಯಾರೂ ಅದನ್ನು ಎಬ್ಬಿಸಲ್ಲ, ಅದರ ಸುತ್ತ ಹಾದೇ ಆಡ್ತಾರೆ.

ಗಡ್ಡದವನು ವಿವರಿಸಿದ. "ಅಜ್ಜಿ, ಅಳೆಯೋವಾಗ ಅದು ಚೂರೂ ಅಲ್ಲಾಡಲಿಲ್ಲ. ಅದಕ್ಕೇ ಮಿಷನ್ನು ಗುಡ್ಡ ಅಂತ ತಿಳ್ಕೊಂಡುಬಿಟ್ಟಿದೆ."

"ಹಂಗೆ ಅಲ್ಲಾಡದೆ ಕೂತಿರೋದನ್ನೆಲ್ಲ ಗುಡ್ಡ ಅಂತ ಅಳೆಯೋದಾದ್ರೆ, ಆ ಮಿಷನ್ನನ್ನ ಸಂಜೆ ಕ್ಲಬ್ಬಿನ ವರಾಂಡಕ್ಕೆ ಮಾತ್ರ ತಗೊಂಡು ಹೋಗಬೇಡ ಮಾರಾಯ," ಅಂದೆ. "ಇನ್ನೊಂದು ಪಶ್ಚಿಮ ಘಟ್ಟವೇ ಎದ್ದುಬಿಡುತ್ತೆ."

೩. ನಲವತ್ತು

ಫೋಟೋ ಹಿಡಿಯೋ ಕೆಲಸ ಅರ್ಧ ಮುಗಿದಿತ್ತು. ಒಣಗಿದ ಹುಲ್ಲು, ಹಸಿರು ಕಾಫಿ ಗಿಡ, ಎಲ್ಲಾ ಒಂದೇ ಹದದಲ್ಲಿ ಬಂದಿದೆ ಅಂತ ಹುಡುಗಿ ಖುಷಿಯಾಗಿದ್ದಳು. ಅಷ್ಟರಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಿತ್ತು.

ಬೆಳಿಗ್ಗೆ ನಾನು ಹಿಗ್ಗಿ ಹೇಳಿದೆ, "ನೋಡ್ತಾ ಇರು, ಇನ್ನೊಂದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ. ಹುಲ್ಲೂ ಚಿಗುರುತ್ತೆ. ಗುಡ್ಡದ ಬಣ್ಣವೇ ಬೇರೆ!"

ಅವಳ ಮುಖ ಬಾಡಿತು. ಅರ್ಧ ಗುಡ್ಡ ಒಂದು ಬಣ್ಣ, ಅರ್ಧ ಗುಡ್ಡ ಇನ್ನೊಂದು ಬಣ್ಣ ಆದರೆ ಆಟ ಕೆಡುತ್ತಂತೆ. ಹಿಡಿದಿದ್ದ ಫೋಟೋ ಎಲ್ಲಾ ದಂಡ.

ಮಳೆ ಬಿದ್ದ ಮಾರನೇ ದಿನ ಕಾಫಿ ಸೀಮೆಯಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳೋದು ಒಂದೇ ಮಾತು: ನಿಮ್ಮಲ್ಲಿ ಎಷ್ಟಾಯ್ತು? ಇಂಚಿಗೆ ನೂರು ಸೆಂಟು ಅಂತ ಲೆಕ್ಕ. ಒಂದಿಂಚು ಬಿದ್ದವರು ರಾಜರು, ಐವತ್ತು ಸೆಂಟಿನೊಳಗೆ ಬಿದ್ದವರ ಮನೆಯಲ್ಲಿ ಸೂತಕದ ಕಳೆ. ಪ್ರೆಸಿಡೆಂಟ್ರೂ ಫೋನ್ ಮಾಡಿದರು. ನಾನು ಕೊಟ್ಟಿಗೆಯಲ್ಲಿದ್ದೆ. ಹುಡುಗಿ ಎತ್ತಿದಳು.

"ಎಷ್ಟಮ್ಮಾ?" ಅಂದರಂತೆ ಅವರು.

ಅವಳ ತಲೆಯಲ್ಲಿ ಇದ್ದದ್ದು ಹಾಳಾದ ಫೋಟೋ. ಅದಕ್ಕೂ ಏನೋ ಅಳತೆ ಇದೆಯಂತಲ್ಲ, ಜಿಬಿ ಅಂತ. "ನಲವತ್ತು..." ಅಂದವಳು ಜಿಬಿ ಅನ್ನೋ ಮೊದಲೇ ಬಿಕ್ಕಿ ಬಿಕ್ಕಿ ಅತ್ತಳು.

"ಛೆ ಛೆ, ಅಳಬೇಡ ಮಗಾ," ಅಂತ ಅವರು ಸಮಾಧಾನ ಮಾಡಿದರಂತೆ. "ಇನ್ನೊಂದು ಮಳೆ ಬಂದೇ ಬರುತ್ತೆ."

ಬೇರೆಯವರಾಗಿದ್ದರೆ ಹಳೇ ಫೋಟೋಕ್ಕೇ ಬಣ್ಣ ಬಳಿದು ಮುಗಿಸಿ ಹೋಗ್ತಿದ್ದರು. ಇವಳು ಹೂ ಅರಳೋವರೆಗೂ ಕಾದಳು. ಗುಡ್ಡದ ಸುತ್ತ ಮೊಸರು ಚೆಲ್ಲಿದ ಹಾಗೆ ಹೂ ತುಂಬಿಕೊಂಡ ಬೆಳಿಗ್ಗೆ, ಒಂದನೇ ಕುಳಿಯಿಂದ ಮತ್ತೆ ಶುರು ಮಾಡಿದಳು. ಮಂಜು ಇಳಿದರೆ ಕೂತು ಕಾಯೋಳು, ಬಿಸಿಲು ಬಂದರೆ ಓಡೋಳು. ತಿಂಡಿ ನಾನೇ ಮೇಲಕ್ಕೆ ಹೊತ್ತುಕೊಂಡು ಹೋಗಿ ಬಾಯಿಗೆ ಇಡಬೇಕಿತ್ತು.

ಅತ್ತ ಪ್ರೆಸಿಡೆಂಟ್ರು ಕ್ಲಬ್ಬಿನಲ್ಲಿ ಕೂತು ಎಲ್ಲರಿಗೂ ಹೇಳಿದ್ದೇ ಹೇಳಿದ್ದು: "ಅಜ್ಜಿ ತೋಟಕ್ಕೆ ನಲವತ್ತೇ ಸೆಂಟು ಬಿತ್ತು ಅಂತ ಆ ಹುಡುಗಿ ಹೆಂಗೆ ಅತ್ತಳು ಗೊತ್ತಾ? ಹೊಟ್ಟೇಲಿ ಹುಟ್ಟಿದ ನನ್ನ ಮಕ್ಕಳು ನಮ್ಮ ತೋಟಕ್ಕೆ ಎಷ್ಟು ಬಿತ್ತು ಅಂತಾನೂ ಕೇಳಿಲ್ಲ!"

೪. ಸಹಿ

ಮಳೆಗಾಲ ಕಳೆದ ಮೇಲೆ ಹುಡುಗಿ ಆಟ ತಗೊಂಡು ಬಂದಳು. ನಮ್ಮ ಹಜಾರದ ಟಿವಿಗೇ ವಯರು ಚುಚ್ಚಿದಳು. ಪ್ರೆಸಿಡೆಂಟ್ರು ಹೆಂಡತಿ ಸಮೇತ ಬಂದು ಸೋಫಾದಲ್ಲಿ ಕೂತರು. ಮುಂದಿನ ಟೀಪಾಯಿ ಮೇಲೆ ಕಾಫಿ ಲೋಟ, ಪಕ್ಕದಲ್ಲಿ ಒಪ್ಪಿಗೆ ಪೇಪರು, ಅದರ ಮೇಲೊಂದು ಪೆನ್ನು. ಹುಡುಗಿ ಕೂರಲೇ ಇಲ್ಲ, ಗೋಡೆಗೆ ಒರಗಿ ಉಗುರು ಕಚ್ಚುತ್ತಾ ನಿಂತಳು.

ಟಿವಿ ಹೊತ್ತಿಕೊಂಡಿತು. ಅಯ್ಯೋ, ಏನು ಹೇಳಲಿ! ನಮ್ಮದೇ ಗುಡ್ಡ. ಅದೇ ಬಿಳೀ ಹೂ, ಅದೇ ಸಿಲ್ವರ್ ಓಕ್ ಸಾಲು, ದೂರದಲ್ಲಿ ದೇವರಮನೆ ಕಡೆಯ ಬೆಟ್ಟ, ಅದರ ಮೇಲೆ ಅದೇ ಮಂಜು. ನನಗಂತೂ ಮೈ ಜುಂ ಅಂತು. ಅಷ್ಟು ದೊಡ್ಡ ಗುಡ್ಡವನ್ನು ಆ ಸಣಕಲು ಹುಡುಗಿ ಹುಲ್ಲು ಹುಲ್ಲಾಗಿ ಎತ್ತಿ ಇದರೊಳಗೆ ಇಟ್ಟಿದ್ದಳು.

ಪ್ರೆಸಿಡೆಂಟ್ರು ಆಟದ ರಿಮೋಟು ಕೈಗೆ ತಗೊಂಡರು. ಬಟನ್ ಒತ್ತೋದು ಕಲಿತರು, ಆಡಿದರು. ಒಂದು ಕುಳಿ ಆಯ್ತು, ಎರಡಾಯ್ತು, ಚೆನ್ನಾಗಿದೆ ಅಂತಲೂ ಇಲ್ಲ, ಚೆನ್ನಾಗಿಲ್ಲ ಅಂತಲೂ ಇಲ್ಲ. ಹುಡುಗಿ ನನ್ನ ಕಡೆ ನೋಡಿದಳು. ನಾನು ದೇವರ ಕಡೆ ನೋಡಿದೆ.

ಏಳನೇ ಕುಳಿಗೆ ಹೊಡೆದ ಚೆಂಡು ನೇರ ಹೋಗಿ ಒಂದು ಸಿಲ್ವರ್ ಓಕ್ ಬುಡದ ಹಿಂದೆ ಸಿಕ್ಕಿಕೊಂಡಿತು. ಮುಂದೆ ಮರ, ಹಿಂದೆ ಗಿಡ. ಹೊಡೆಯೋಕೆ ದಾರಿಯೇ ಇಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಪ್ರೆಸಿಡೆಂಟ್ರ ಚೆಂಡು ಎಂಥ ಪೊದೆಗೇ ಹೋಗಲಿ, ಅವರು ಒಬ್ಬರೇ ನಡೆದು ಹೋಗಿ ಹತ್ತಿರ ನಿಲ್ಲೋಷ್ಟರಲ್ಲಿ ಒಳ್ಳೇ ಹುಲ್ಲಿನ ಮೇಲೆ ಬಂದು ಕೂತಿರುತ್ತೆ. ಅದೃಷ್ಟ ಅಂತ ಅವರು ಹೇಳ್ತಾರೆ. ಹೌದು ಹೌದು ಅಂತ ಇಡೀ ಕ್ಲಬ್ಬು ಹೇಳುತ್ತೆ.

ಪ್ರೆಸಿಡೆಂಟ್ರು ಟಿವಿಯನ್ನೇ ನೋಡ್ತಾ ಮುಂದಕ್ಕೆ ಬಗ್ಗಿದರು. ಒಂದು ಸಲ ಎಡಕ್ಕೆ ನೋಡಿದರು. ಒಂದು ಸಲ ಬಲಕ್ಕೆ ನೋಡಿದರು. ಸಣ್ಣಗೆ ಒಂದು ಕೆಮ್ಮು ಕೆಮ್ಮಿದರು. ಆಮೇಲೆ ಬಲಗಾಲು, ಯಾರಿಗೂ ಗೊತ್ತಾಗದ ಹಾಗೆ, ಮೆತ್ತಗೆ ಮುಂದೆ ಹೋಗಿ ಟಿಕ್ ಅಂತ ಒಂದು ಒದೆ ಒದೆಯಿತು.

ಟೀಪಾಯಿ ಮಗುಚಿತು. ಲೋಟ ಉರುಳಿ ಕಾಫಿ ನೆಲವೆಲ್ಲ ಹರಿಯಿತು, ಒಪ್ಪಿಗೆ ಪೇಪರು ಅದರಲ್ಲಿ ತೇಲಿತು. ಟಿವಿಯಲ್ಲಿ ಚೆಂಡು ಮಾತ್ರ ಇದ್ದಲ್ಲೇ ಇತ್ತು. ಪ್ರೆಸಿಡೆಂಟ್ರು ತಮ್ಮ ಕಾಲನ್ನು, ಅದು ಇನ್ಯಾರದ್ದೋ ಅನ್ನೋ ಹಾಗೆ ನೋಡ್ತಾ ಕೂತುಬಿಟ್ಟರು.

ಹುಡುಗಿಗೆ ಒಂದೂ ಅರ್ಥವಾಗಲಿಲ್ಲ. "ಅಂಕಲ್, ಯಾಕೆ ಒದ್ರಿ? ಅಷ್ಟು ಕೆಟ್ಟದಾಗಿದೆಯಾ?" ಅಂದಳು, ಅಳೋದೊಂದು ಬಾಕಿ.

ಪ್ರೆಸಿಡೆಂಟ್ರ ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗ್ತಾ ನಗ್ತಾ, ಕಣ್ಣೀರು ಒರೆಸಿಕೊಂಡು, ನೆಲದ ಮೇಲಿನ ಪೇಪರ್ ಎತ್ತಿ ಕಾಫಿ ಕೊಡವಿದರು.

"ಕೆಟ್ಟದಾಗಿದ್ರೆ ಒದೀತಿರ್ಲಿಲ್ಲ ಕಣೇ. ಇವರ ಕಾಲು ಹಂಗೆ ಅಲ್ಲಾಡೋದು ಆ ಗುಡ್ಡದ ಮೇಲೆ ಮಾತ್ರ. ಪೆನ್ನು ಎತ್ತಿಡು, ಇವರು ಕಾಲಲ್ಲೇ ಸಹಿ ಹಾಕಿಯಾಯ್ತು!"