ಶಹಾಪುರದ ಸರ್ವರಿಗೆ ನಾನು ಮಾಡಿದ ಉಪಚಾರ

ಯಾದಗಿರಿಯಲ್ಲಿ ನಾಲ್ಕು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಮೇಲೆ, ನನಗೆ ತಿಳಿಯದ್ದು ಇನ್ನೇನೂ ಉಳಿದಿಲ್ಲವೆಂದು ನಂಬಿದ್ದೆ. ಶಹಾಪುರದ ಕೆನಾಲ್ ಆಫೀಸಿನಲ್ಲಿ ನನ್ನದು ಗುಮಾಸ್ತನ ಕುರ್ಚಿ. ಕೂರುವ ಗತ್ತು ಮಾತ್ರ ಇಂಜಿನಿಯರನದು!

ನೀರಿನ ಪಾಳಿ ಚೀಟಿ ಕೊಡುವ ದಿನವೇ ಸರ್ವರ್ ಕುಂಟತೊಡಗಿತು. ಎಲ್ಲ ಹೊಲಗಳ ದಾಖಲೆ ಇರುವುದು ಅದೊಂದರಲ್ಲೇ. ಒಂದು ಚೀಟಿಗೆ ಕಾಲು ತಾಸು! ಮರುದಿನ ಕಾಲುವೆಗೆ ನೀರು. ಚೀಟಿ ಇಲ್ಲದವರ ಹೊಲಕ್ಕೆ ಗೇಟು ತೆರೆಯುವುದಿಲ್ಲ.

ಸಾಲಿನಲ್ಲಿ ನಿಂತಿದ್ದ ದೋರನಹಳ್ಳಿಯ ನಾಗಮ್ಮ ಕೂಗಿದಳು. "ಸಾಹೇಬ್ರ, ನನ್ನ ನೆಲ್ಲು ಒಣಗಾಕತ್ಯಾದ್ರಿ. ಲಗೂನ ಕೊಡ್ರಿ."

"ಚಿಂತಿ ಮಾಡಬ್ಯಾಡವ್ವಾ, ನಾ ಅದೀನಿ," ಅಂದೆ.

ಚಿಂತೆ ಮಾಡಬೇಕಾದದ್ದೇ ಅದಕ್ಕೆ!

ಪರದೆ ನೋಡಿದೆ. ಪ್ರೊಸೆಸರ್ ನೂರಕ್ಕೆ ನೂರು, ಮೆಮೊರಿ ಗಂಟಲ ತನಕ. ಕಾವು ಏರಿದೆಯೆಂದು ತೀರ್ಮಾನಿಸಿ, ನಮ್ಮ ಇಂಜಿನಿಯರ್ ಸಾಹೇಬರ ಕೋಣೆಯ ಕೂಲರ್ ಎಳೆದು ತಂದೆ. ಸರ್ವರ್ ತಣ್ಣಗಾಗಲಿಲ್ಲ, ಸಾಹೇಬರು ಬಿಸಿಯಾದರು. ಬೇಡದ ಪ್ರೋಗ್ರಾಂಗಳೆಂದು ನಾಲ್ಕನ್ನು ಮುಚ್ಚಿದೆ. ಪ್ರಿಂಟರ್ ಸತ್ತುಹೋಯಿತು. ಅದನ್ನು ಎಬ್ಬಿಸಲು ಅರ್ಧ ತಾಸು. ಕೊನೆಗೆ ಸರ್ವರನ್ನೇ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಚೀಟಿಗಳು ಪಟಪಟ ಬಂದವು! ಐದು. ನಾಗಮ್ಮ ಆರನೆಯವಳು.

ಸುರಪುರದ ಆಫೀಸೂ ಇದೇ ಸರ್ವರಿಗೆ ಜೋಡಿಸಿದ್ದು. ಅಲ್ಲಿನ ಆಪರೇಟರ್ ಶರಣಮ್ಮನಿಗೆ ಫೋನ್ ಹಚ್ಚಿ ಗದರಿದೆ. "ನಿಮ್ಮ ಕಡಿಂದ ಯಾರೋ ಭಾರಿ ಕೆಲಸ ಹಚ್ಯಾರ. ಇದು ಗಂಭೀರ ಕರ್ತವ್ಯಲೋಪ!"

"ನಮ್ಮ ಕಡಿ ಏನೂ ನಡಿಯಾಕ ಒಲ್ಲದ್ರಿ ಸರ," ಅಂದಳು ಆಕೆ, ಬಳಲಿದ ದನಿಯಲ್ಲಿ. "ಡೇಟಾಬೇಸಿನ್ಯಾಗ ಯಾರ ಕೆಲಸ ನಡದಾವ, ಆ ಪಟ್ಟಿ ತಗದು ಓದ್ರಿ."

ತೆಗೆದೆ. ನಲವತ್ತೊಂದು ಕೆಲಸ ನಡೆದಿದ್ದವು. ನಲವತ್ತೊಂದರ ಮುಂದೂ ನನ್ನ ಹೆಸರು!

ಹಿಂದಿನ ಸಂಜೆ ಸಾಹೇಬರನ್ನು ಮೆಚ್ಚಿಸಲು ನಾನೊಂದು ವರದಿ ಮಾಡಿದ್ದೆ. ಕಾಲುವೆ ಬಂದಾಗಿನಿಂದ ಇರುವ ಪ್ರತಿ ಹೊಲದ ದಾಖಲೆಯನ್ನೂ ಓದುವ ವರದಿ. ನಿಮಿಷಕ್ಕೊಮ್ಮೆ ತಾನಾಗಿ ಶುರುವಾಗಲೆಂದು ಹಚ್ಚಿದ್ದೆ. ಮುಗಿಯಲು ಅದಕ್ಕೆ ಮುಕ್ಕಾಲು ತಾಸು ಬೇಕು. ಒಂದು ಮುಗಿಯುವುದರೊಳಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು!

"ಯಾರ ಹೆಸರು ಅದ್ರಿ ಸರ?" ಕೇಳಿದಳು ಶರಣಮ್ಮ.

"ಹಲೋ... ಹಲೋ... ಆವಾಜ್ ಬರವಲ್ದು," ಎಂದು ಫೋನ್ ಇಟ್ಟೆ.

ವರದಿ ನಿಲ್ಲಿಸಿದೆ. ಸರ್ವರ್ ನಿಟ್ಟುಸಿರು ಬಿಟ್ಟಿತು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲರ ಕೈಗೂ ಚೀಟಿ ಬಂತು.

ನಾಗಮ್ಮ ತನ್ನ ಚೀಟಿ ಸೆರಗಿಗೆ ಕಟ್ಟುತ್ತ ಕೇಳಿದಳು. "ಕಡೀಕ ಏನ್ ರಿಪೇರಿ ಮಾಡಿದ್ರೀ?"

ಸುಳ್ಳು ಹೇಳುವಷ್ಟೂ ತ್ರಾಣ ಉಳಿದಿರಲಿಲ್ಲ. "ನಾ ಮಾಡಾಕತ್ತಿದ್ದು ಬಿಟ್ಟೆನವ್ವಾ, ಅಷ್ಟ."

"ಹಂಗಿದ್ರ ಮುಂಜಾನೇನ ಬಿಡಬೇಕಿತ್ತಲ್ರೀ!" ಎಂದು ಆಕೆ ಬಸ್ಸಿಗೆ ಓಡಿದಳು.

ಮನೆಗೆ ಬಂದು ಗೋಡೆಗೆ ಒರಗಿದೆ. "ಭಾಳ ದಣದೀರಿ, ಇವತ್ತು ಕೆಲಸ ಜಾಸ್ತಿ ಇತ್ತೇನ್ರಿ?" ಅಂದಳು ಹೆಂಡತಿ.

"ಹೂಂ," ಅಂದೆ. ಯಾರ ಕೆಲಸವೆಂದು ಅವಳು ಕೇಳಲಿಲ್ಲ. ನನ್ನ ಪುಣ್ಯ!