ಬಹುಮಾನ ಹಂಚಿದವನ ಮಾನ

ಹಂಚುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ಡ್ಯೂಟಿ ಮತ್ತು ರಜೆ ಹಂಚುವುದು ನನ್ನ ಉದ್ಯೋಗ. ಯಾರಿಗೆ ಹಗಲು, ಯಾರಿಗೆ ರಾತ್ರಿ, ಯಾರಿಗೆ ಭಾನುವಾರ ಎಂದು ತೀರ್ಮಾನಿಸುವವನು ನಾನೇ. ನನ್ನ ಹಂಚಿಕೆಯಿಂದ ಇದುವರೆಗೆ ಒಬ್ಬರಿಗೂ ಸಂತೋಷವಾಗಿಲ್ಲ, ನಿಜ. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಸರವಾಗಿದೆ. ನ್ಯಾಯ ಎಂದರೆ ಇನ್ನೇನು?

ಇಂಥವನ ಮನೆಯಲ್ಲೇ ಅನ್ಯಾಯ ನಡೆಯುತ್ತಿತ್ತು. ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ಪೋಕರ್ ಆಟ. ಆಡುವವರು ನಾನು, ನನ್ನ ಹೆಂಡತಿ, ಎದುರು ಬೀದಿಯಲ್ಲಿರುವ ನಮ್ಮತ್ತೆ, ಅವರ ಮಗ ಅಂದರೆ ನನ್ನ ಭಾಮೈದ, ಮೇಲಿನ ಮಹಡಿಯ ಹಲ್ಲಿನ ಡಾಕ್ಟರು. ಹೆಂಡತಿಗೆ ಹೊಲಿಗೆ ಅಂಗಡಿ ಇರುವುದರಿಂದ ನಾವು ಪಣಕ್ಕೆ ಒಡ್ಡುವುದು ಅಂಗಿಯ ಗುಂಡಿಗಳನ್ನು. ಎಲ್ಲರೂ ಆರಂಭದಲ್ಲಿ ಒಂದಿಷ್ಟು ದುಡ್ಡನ್ನು ಡಬ್ಬಕ್ಕೆ ಹಾಕಿ ಒಂದೊಂದು ಬಟ್ಟಲು ಗುಂಡಿ ಪಡೆಯಬೇಕು. ಒಬ್ಬೊಬ್ಬರ ಕೈಗೆ ಇಸ್ಪೀಟಿನ ಎರಡೆರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಬ್ಬರು ಗುಂಡಿಗಳನ್ನು ಮುಂದೆ ತಳ್ಳಿದರೆ ಉಳಿದವರು ಅಷ್ಟೇ ತಳ್ಳಿ ‘ಕಾಲ್’ ಅನ್ನಬೇಕು, ಇಲ್ಲವೇ ಎಲೆ ಕೆಳಗಿಟ್ಟು ತೆಪ್ಪಗಿರಬೇಕು. ಒಳ್ಳೆಯ ಎಲೆ ಇದ್ದವರಿಗೆ ಗುಂಡಿ. ಬಟ್ಟಲು ಖಾಲಿಯಾದವರು ಹೊರಗೆ. ಕಟ್ಟಕಡೆಗೆ ಉಳಿದವರೇ ಮೊದಲನೆಯವರು, ಡಬ್ಬ ಪೂರ್ತಿ ಅವರಿಗೆ.

ಆ ಡಬ್ಬ ಪ್ರತಿ ವಾರವೂ ಭಾಮೈದನ ಟೈರ್ ಅಂಗಡಿಗೇ ಹೋಗುತ್ತಿತ್ತು. ಪ್ರತಿ ವಾರವೂ ಮೊದಲು ಹೊರಬೀಳುವವರು ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಯಾರು ಎಷ್ಟೇ ತಳ್ಳಲಿ, ಕೈಯಲ್ಲಿ ಎಂಥ ದರಿದ್ರ ಎಲೆಯೇ ಇರಲಿ, ಕಾಲ್ ಅಂದುಬಿಡುತ್ತಿದ್ದರು. ಏಕೆಂದು ಕೇಳಿದರೆ, “ಕಾಲ್ ಬಂದ್ರೆ ತಗೊಳ್ಳದೆ ಇರೋಕಾಗುತ್ತಾ? ನನ್ನ ಸರ್ವೀಸಿನಲ್ಲಿ ಒಂದೇ ಒಂದು ಬಿಟ್ಟಿಲ್ಲ” ಅನ್ನುತ್ತಿದ್ದರು.

ಕಳೆದ ತಿಂಗಳು ಒಂದು ಭಾನುವಾರ ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು. “ಇನ್ನು ನಾನು ಬರಲ್ಲ. ದುಡ್ಡು ಕೊಟ್ಟು, ಸೋತು, ಮಧ್ಯಾಹ್ನವೆಲ್ಲ ನಿಮ್ಮನೆ ಗೋಡೆ ನೋಡ್ಕೊಂಡು ಕೂತಿರಬೇಕು. ಆ ಗೋಡೆಗೆ ಬಣ್ಣವಾದ್ರೂ ನೆಟ್ಟಗಿದ್ಯಾ?”

ಅವರು ಹೋದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. “ಅಮ್ಮ ಬೇಜಾರು ಮಾಡ್ಕೊಂಡಳು. ಏನಾದ್ರೂ ಮಾಡ್ರೀ.”

“ನನಗೆ ಬಿಡು,” ಎಂದೆ ಎದೆಯುಬ್ಬಿಸಿ. “ಇಡೀ ಆಸ್ಪತ್ರೆಗೆ ಹಂಚಿದವನಿಗೆ ಒಂದು ಡಬ್ಬ ಯಾವ ಲೆಕ್ಕ? ಯಾರೂ ತುಟಿ ಬಿಚ್ಚದ ಹಾಗೆ ಹೊಸ ಬಹುಮಾನ ಪದ್ಧತಿ ತರ್ತೀನಿ.”

ಮರುದಿನದಿಂದಲೇ ನನ್ನ ರಾಜತಾಂತ್ರಿಕ ಪ್ರವಾಸ ಆರಂಭವಾಯಿತು. ಮೊದಲು ಟೈರ್ ಅಂಗಡಿ. ಭಾಮೈದ ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.

“ಭಾವ, ಮೊದಲು ಬಂದವನಿಗೆ ಪೂರ್ತಿ. ಅದಕ್ಕೇ ಅಲ್ವಾ ಮೊದಲು ಬರೋದು?”

“ಅರ್ಧಕ್ಕೆ ಒಪ್ಪಿಕೋ. ನಿಮ್ಮಮ್ಮ ಆಟಾನೇ ಬಿಟ್ಟರೆ ಡಬ್ಬದ ತೂಕ ಇಳಿಯುತ್ತೆ.”

ಅವನು ಗುಳ್ಳೆ ಬಿಟ್ಟು ಯೋಚಿಸಿ ಅರ್ಧಕ್ಕೆ ಒಪ್ಪಿದ. ಮಹಡಿ ಹತ್ತಿದೆ. ಯಾವಾಗಲೂ ಎರಡನೆಯವರಾಗುವ ಡಾಕ್ಟರು ನನ್ನನ್ನು ರೋಗಿಯ ಕುರ್ಚಿಯಲ್ಲೇ ಕೂರಿಸಿದರು. “ನೋಡಿ, ಪೂರ್ತಿ ಸೋತವನಿಗೆ ನೋವಿಲ್ಲ, ಅವನ ನರವೇ ಸತ್ತಿರುತ್ತೆ. ಇನ್ನೇನು ಗೆದ್ದೆ ಅಂತ ಕೂತಿರ್ತಾನಲ್ಲ ಎರಡನೆಯವನು, ಅವನಿಗೆ ಜುಮ್ಮೆನ್ನುತ್ತೆ. ಪರಿಹಾರ ಕೊಡಬೇಕು.” ಅವರ ಕೈಯಲ್ಲಿ ಇಕ್ಕಳವಿತ್ತು. ಎರಡನೆಯವರಿಗೆ ಕಾಲು ಭಾಗ ಎಂದು ಅಲ್ಲೇ ಒಪ್ಪಿಕೊಂಡೆ.

ಕೊನೆಗೆ ಅತ್ತೆ. “ನನಗೇನೂ ಬೇಡ ಅಳಿಯಂದಿರೇ,” ಎಂದು ಮುಖ ತಿರುಗಿಸಿದರು. ಅತ್ತೆಯಂದಿರು ಏನೂ ಬೇಡ ಅಂದರೆ ಅದರ ಅರ್ಥವೇನೆಂದು ಮದುವೆಯಾದ ಯಾವ ಗಂಡಸಿಗೂ ವಿವರಿಸಬೇಕಿಲ್ಲ. ಉಳಿದ ಕಾಲು ಭಾಗವನ್ನು ಎಲ್ಲರಿಗಿಂತ ಮೊದಲು ಸೋತವರಿಗೆ ಸಮಾಧಾನಕರ ಬಹುಮಾನವಾಗಿ ಘೋಷಿಸಿದೆ. ಅತ್ತೆಯ ಮುಖ ಮೆಲ್ಲನೆ ನನ್ನ ಕಡೆ ತಿರುಗಿತು.

“ಅಂದ್ರೆ ಪ್ರತಿ ವಾರ ನನಗೇ ಅಲ್ವಾ?”

“ನಿಮಗಲ್ಲದೆ ಇನ್ಯಾರಿಗೆ?”

ಮೊದಲನೆಯವರಿಗೆ ಅರ್ಧ, ಎರಡನೆಯವರಿಗೆ ಕಾಲು, ಮೊದಲು ಸೋತವರಿಗೆ ಕಾಲು. ಹೆಂಡತಿಗೆ ಇದನ್ನು ವಿವರಿಸಿದಾಗ ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದು “ನೋಡೋಣ” ಎಂದಳು. ಅಷ್ಟೇ. ಆ ‘ನೋಡೋಣ’ದಲ್ಲಿ ಏನೋ ಚುಚ್ಚಿದಂತಾಯಿತು, ಸೂಜಿಯೇ ಇರಬೇಕು ಎಂದುಕೊಂಡೆ.

ಭಾನುವಾರ ಬಂತು. ನಿಯಮಗಳನ್ನು ಗಂಭೀರ ಸ್ವರದಲ್ಲಿ ಸಾರಿದೆ. ಯಾರೂ ಜಗಳ ತೆಗೆಯಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಎಲೆ ಹಾಕಿದೆ. ಡಾಕ್ಟರು ಎಲೆ ಎತ್ತಿಯೂ ನೋಡದೆ ಇಡೀ ಬಟ್ಟಲನ್ನು ನಡುವೆ ಸುರಿದರು.

“ಡಾಕ್ಟ್ರೇ, ನೀವಿನ್ನೂ ಎಲೇನೇ ನೋಡಿಲ್ಲ.”

“ಎಲ್ಲದಕ್ಕೂ ಎಕ್ಸ್‌ರೇ ಬೇಕಾಗಲ್ಲ ಸಾರ್.”

ಭಾಮೈದನೂ ಸುರಿದ. ನನ್ನ ಹೆಂಡತಿ, ಅಗ್ನಿಸಾಕ್ಷಿಯಾಗಿ ಕೈಹಿಡಿದವಳು, ಅವಳೂ ಸುರಿದಳು. ನಾನು ಎಲೆ ಕೆಳಗಿಟ್ಟೆ. ಅತ್ತೆ ಅಭ್ಯಾಸಬಲದಿಂದ ಕಾಲ್ ಅಂದರು. ಅವರ ಕೈಯಲ್ಲಿ ನಾಲ್ಕರ ಜೋಡಿ, ನಡುವಿನ ಎಲೆಗಳಲ್ಲಿ ಇನ್ನೊಂದು ನಾಲ್ಕು. ಅತ್ತೆ ಗೆದ್ದರು. ಒಂದೇ ಏಟಿಗೆ ಮೂವರು ಹೊರಬಿದ್ದರು, ಮೂವರೂ ಕುರ್ಚಿಯಿಂದ ಎದ್ದು ಕಾಲು ಭಾಗಕ್ಕೆ ಕೈಚಾಚಿದರು.

“ಮೊದಲು ಸುರಿದವನು ನಾನು,” ಎಂದರು ಡಾಕ್ಟರು.

“ಸುರಿದದ್ದು ಯಾರಾದ್ರೇನು? ನನ್ನಷ್ಟು ಕೆಟ್ಟ ಎಲೆ ಯಾರಿಗಿದೆ ತೋರಿಸಿ,” ಎಂದ ಭಾಮೈದ, ಮಗುವಿಗೆ ರ‍್ಯಾಂಕ್ ಬಂದ ತಂದೆಯ ಹೆಮ್ಮೆಯಿಂದ ತನ್ನ ಎರಡು ಮತ್ತು ಏಳನ್ನು ಎತ್ತಿ ಹಿಡಿದು.

“ನನಗೆ ಕಾಲು ಭಾಗ ಸಿಗುತ್ತೆ ಅಂದ್ರಿ,” ಎಂದು ಅತ್ತೆ ರಾಶಿ ಗುಂಡಿಗಳ ಹಿಂದಿನಿಂದ ನನ್ನನ್ನು ನೋಡಿದರು. “ಇದೇನು, ಗೆಲ್ಲಿಸಿ ಮೋಸ ಮಾಡಿದ್ರಲ್ಲ.”

ಆಗ ನನಗೆ ನನ್ನ ಪದ್ಧತಿಯ ಒಳಗುಟ್ಟು ಹೊಳೆಯಿತು. ಮೂರನೆಯ ಮತ್ತು ನಾಲ್ಕನೆಯವರಿಗೆ ಬಿಡಿಗಾಸೂ ಇಲ್ಲ, ಬೆವರು ಸುರಿಸದೆ ಮೊದಲೇ ಸೋತವರಿಗೆ ಕಾಲು ಭಾಗ! ಆದರೆ ನ್ಯಾಯಾಧೀಶ ಅಂಜಬಾರದು. ಆ ಆಟ ರದ್ದು ಎಂದೆ. ಗುಂಡಿಗಳನ್ನು ಮತ್ತೆ ಸಮನಾಗಿ ಹಂಚಿದೆ. ಹೊರಹೋಗುವವರು ಒಬ್ಬೊಬ್ಬರಾಗಿಯೇ ಹೋಗಬೇಕು, ಬಾಗಿಲಲ್ಲಿ ನೂಕಾಟ ಸಲ್ಲದು, ಹಾಗಾಗಿ ಒಬ್ಬರು ಪೂರ್ತಿ ಸುರಿದರೆ ಇನ್ನೊಬ್ಬರು ಮಾತ್ರ ಕಾಲ್ ಅನ್ನಬಹುದು ಎಂದು ತಿದ್ದುಪಡಿ ತಂದೆ.

ಆಮೇಲೆ ನಡೆದದ್ದನ್ನು ಪೋಕರ್ ಎಂದು ಕರೆಯುವುದು ಪೋಕರಿಗೆ ಮಾಡುವ ಅವಮಾನ. ಪ್ರತಿಯೊಬ್ಬರೂ ಸೋಲಲು ಸುರಿಯುವವರೇ, ಆದರೆ ಇನ್ನೊಬ್ಬರನ್ನು ಸೋಲಿಸಿ ಬಹುಮಾನ ಕೊಡಿಸುವ ಉದಾರಿ ಒಬ್ಬರೂ ಇಲ್ಲ. ಡಾಕ್ಟರು ಸುರಿದರು, ಎಲ್ಲರೂ ಎಲೆ ಕೆಳಗಿಟ್ಟರು, ಅತ್ತೆ ಕೂಡ ಕಷ್ಟಪಟ್ಟು ಬಾಯಿ ಬಿಗಿಹಿಡಿದರು. ಹೆಂಡತಿ ಸುರಿದಳು, ಎಲ್ಲರೂ ಸೂರು ನೋಡಿದರು. ಡಾಕ್ಟರಿಗೆ ಮುಂದಿನ ಸಲ ಎರಡು ರಾಜ ಬಂದಾಗ ಅವರು ಸಾವಿನ ಸುದ್ದಿ ಬಂದವರಂತೆ ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಕೂಡ ಎಲ್ಲವನ್ನೂ ಸುರಿದು ಕಾದರು, ಕಾದೇ ಕಾದರು.

“ರಿಂಗ್ ಆಗ್ತಾನೇ ಇದೆ. ಯಾರೂ ಎತ್ತಲ್ವಾ?”

ಯಾರೂ ಎತ್ತಲಿಲ್ಲ. ಆಗ ಭಾಮೈದ ಕುರ್ಚಿ ಎಳೆದುಕೊಂಡು ಸರಿಯಾಗಿ ಅತ್ತೆಯ ಎದುರು ಕುಳಿತು ತನ್ನ ಬಟ್ಟಲನ್ನು ಸುರಿದ. ಅವರ ಕಣ್ಣಲ್ಲಿ ಕಣ್ಣಿಟ್ಟು, “ಹಲೋ” ಎಂದ.

ಅತ್ತೆ ಸೆರಗು ಹಿಂಡಿದರು. ತುಟಿ ಕಚ್ಚಿದರು. ಕುರ್ಚಿಯ ಕೈ ಹಿಡಿದುಕೊಂಡರು. ಆದರೆ ಒಂದು ಜೀವಮಾನದ ಸರ್ವೀಸು ಅವರ ಬಾಯಿಯಿಂದ ತಾನೇ ತಾನಾಗಿ ಹೊರಬಂತು. “ಕಾಲ್.” ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದರು, ತಡವಾಗಿತ್ತು. ಅವರಿಗೆ ಮೂರು ರಾಣಿ. ಭಾಮೈದನಿಗೆ ಏನೂ ಇಲ್ಲ. ಅವನು ಎದ್ದು ತಾಯಿಯನ್ನು ತಬ್ಬಿಕೊಂಡ.

“ಅಮ್ಮಾ, ನೀನು ನನ್ನ ಸೋಲಿಸಿದ್ಯಲ್ಲ, ಈ ಉಪಕಾರ ಸಾಯೋವರೆಗೂ ಮರೆಯಲ್ಲ.”

“ವಾರವಾರ ಪುಕ್ಕಟೆ ಸೋತಿದ್ದು ನಾನು,” ಎಂದರು ಅತ್ತೆ. “ಸೋಲಿಗೆ ದುಡ್ಡು ಬಂದ ವಾರ ಸೋತಿದ್ದು ಇವನು.”

ಕಾಲು ಭಾಗ ಕೈತಪ್ಪಿದ ಕೂಡಲೇ ಉಳಿದವರ ಸ್ವಭಾವ ತಿರುಗುಮುರುಗಾಯಿತು. ಈಗ ಹೊರಬಿದ್ದರೆ ಬರಿಗೈ. ಡಾಕ್ಟರು ಎಲೆ ಬಂದ ಕೂಡಲೇ ಕೆಳಗಿಡತೊಡಗಿದರು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕುರ್ಚಿಗೆ ಅಂಟಿ ಕುಳಿತರು. ಹೆಂಡತಿ ಯಾರದೋ ಲಂಗ ತಂದು ಅಂಚು ಹೊಲಿಯುತ್ತ ಕುಳಿತಳು. ಅತ್ತೆಯ ಸಿಟ್ಟು ಮಾತ್ರ ಇಳಿಯಲಿಲ್ಲ, ಗುಂಡಿ ಏರುತ್ತಲೇ ಹೋಯಿತು. ನನ್ನ ಕೈಗೆ ಎರಡು ಎಕ್ಕ ಬಂದವು. ವಾರವೆಲ್ಲ ಎಲ್ಲರ ಹಿತಕ್ಕೆ ದುಡಿದವನಿಗೆ ದೇವರು ಕೊಟ್ಟ ಕೂಲಿ ಎಂದುಕೊಂಡು ಪೂರ್ತಿ ಸುರಿದೆ.

“ಕಾಲ್,” ಎಂದರು ಅತ್ತೆ, ನನ್ನ ಮುಖವನ್ನೂ ನೋಡದೆ. ಅವರ ಎಲೆಯೂ ನಡುವಿನವೂ ಸೇರಿ ಐದು ಆಟೀನು ಕೂಡಿದ್ದವು, ಜೋಡಿ ಎಕ್ಕಕ್ಕಿಂತ ಅದೇ ಮೇಲು. ನಾನು ನಾಲ್ಕನೆಯವನು. ಸೂಜಿಗೆ ದಾರ ಪೋಣಿಸುತ್ತಲೇ ಸುರಿದ ಹೆಂಡತಿ ಮೂರನೆಯವಳು. ಇಡೀ ಮಧ್ಯಾಹ್ನ ಹೆಚ್ಚುಕಡಿಮೆ ಏನನ್ನೂ ಆಡದ ಡಾಕ್ಟರು, “ಅಮ್ಮಾ, ಎರಡನೇ ಸ್ಥಾನ ಸಿಕ್ತು, ನನಗಿಷ್ಟು ಸಾಕು” ಎಂದು ಕೈಮುಗಿದು ಶರಣಾದರು.

ಡಬ್ಬ ತೆರೆದು, ಗಂಟಲು ಸರಿಮಾಡಿಕೊಂಡು, ನಾನೇ ಹಂಚಿದೆ. ಅತ್ತೆಗೆ ಅರ್ಧ, ಡಾಕ್ಟರಿಗೆ ಕಾಲು, ಭಾಮೈದನಿಗೆ ಕಾಲು. ಡಬ್ಬದ ತಳ ನನ್ನನ್ನು ನೋಡಿತು.

“ರೀ, ಒಂದು ಅನುಮಾನ,” ಎಂದಳು ಹೆಂಡತಿ. “ಮನೆ ನಮ್ಮದು, ಗುಂಡಿ ನನ್ನದು, ನಿಯಮ ನಿಮ್ಮದು. ಬಂದವರೆಲ್ಲ ತಗೊಂಡ್ರು. ನಮಗೇನು ಬಂತು?”

“ನ್ಯಾಯ.”

“ಸರಿ. ನಾಳೆ ಅದನ್ನ ಕೊಟ್ಟು ಎರಡು ಉಂಡೆ ದಾರ ತಗೊಂಡು ಬನ್ನಿ.”

ಅತ್ತೆ ಮಾತ್ರ ಕೈಯಲ್ಲಿದ್ದ ಅರ್ಧವನ್ನು ದಿಟ್ಟಿಸುತ್ತ ಮುಖ ಬಾಡಿಸಿಕೊಂಡಿದ್ದರು. “ಇದು ಗೆದ್ದ ದುಡ್ಡು. ಅಳಿಯಂದಿರು ನನಗೇ ಅಂತ ಹೇಳಿದ್ದು ಸೋತ ದುಡ್ಡು.”

ಭಾಮೈದನ ಕಣ್ಣು ಮಿನುಗಿತು. “ಹೋಗಲಿ ಬಿಡಮ್ಮ, ನಿನಗಿಂತ ಹೆಚ್ಚಾ? ನನ್ನದು ನೀನು ತಗೋ, ನಿನ್ನದು ನನಗೆ ಕೊಡು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಧವು ಕಾಲಿಗೆ ಬದಲಾಗಿಹೋಯಿತು. ಅತ್ತೆ ಆ ಕಾಲು ಭಾಗವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಖ ಅರಳಿತು. ಮುಂದಿನ ವಾರವೂ ಬರುವುದಾಗಿ ಹೇಳಿದರು. ಒಟ್ಟಿನಲ್ಲಿ ಇಷ್ಟೆಲ್ಲ ಸುಧಾರಣೆಯಾದ ಮೇಲೂ ದೊಡ್ಡ ಪಾಲು ಟೈರ್ ಅಂಗಡಿಗೇ ಹೊರಟಿತ್ತು.

ಬಹುಮಾನ ಹಂಚಲು ಹೋಗಿ ಮಾನ ಕಳೆದುಕೊಂಡವನಿಗೆ ಅಡುಗೆಮನೆಗಿಂತ ಸುರಕ್ಷಿತ ಜಾಗವಿಲ್ಲ. “ಕಾಫಿ ಮಾಡ್ತೀನಿ” ಎಂದು ಒಳಗೆ ಓಡಿದೆ. ಲೋಟಗಳನ್ನು ಸಾಲಾಗಿಟ್ಟು, ಅರ್ಧ, ಕಾಲು, ಕಾಲು ಎಂದು ಗೊಣಗುತ್ತ ಸಕ್ಕರೆ ಹಾಕಿ, ತಟ್ಟೆಯಲ್ಲಿ ತಂದು ಎಲ್ಲರಿಗೂ ಕೊಟ್ಟೆ.

ಡಾಕ್ಟರು ಒಂದು ಗುಟುಕು ಕುಡಿದು ಮೆಚ್ಚಿದರು. “ಸಕ್ಕರೆ ಹಾಕಿಲ್ಲ. ಹಲ್ಲಿಗೆ ಬಹಳ ಒಳ್ಳೇದು.”

“ನನ್ನದ್ರಲ್ಲೂ ಇಲ್ಲ,” ಎಂದಳು ಹೆಂಡತಿ.

ನನ್ನದು ಕಹಿ. ಅತ್ತೆಯದೂ ಕಹಿ. ನಾಲ್ವರೂ ಒಟ್ಟಿಗೆ ಭಾಮೈದನ ಕಡೆ ನೋಡಿದೆವು. ಅವನ ಲೋಟದಲ್ಲಿ ಚಮಚ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತ್ತು.

ಅತ್ತೆ ಕಹಿ ಕಾಫಿಯನ್ನೇ ತೃಪ್ತಿಯಿಂದ ಚಪ್ಪರಿಸಿ ಮಗಳ ಬೆನ್ನು ಸವರಿದರು. “ಅಳಿಯ ಅಂದ್ರೆ ಹೀಗಿರಬೇಕು ಕಣೇ. ಏನೇ ಹಂಚೋಕೆ ಕೊಡು, ತಪ್ಪದೆ ನಮ್ಮ ಹುಡುಗನಿಗೇ ತಲುಪಿಸ್ತಾರೆ.”